ಕಾಲರಿನ ಮೇಲೊಂದು ಹಣೆ

ಇನ್ಸ್‌ಪೆಕ್ಟರ್ ಗಂಟು ಮೇಡಂ ಕೈಯಿಂದ ಟೀ ಕಪ್ಪು ಜಾರಿ ಬೀಳಲಿಲ್ಲ. ಅವರೇ ಬಿಟ್ಟರು.

ಬಿಳಿ ನೆಲದ ಮೇಲೆ ಅದು ಫಳೀರೆಂದು ಒಡೆಯಿತು. ಕನ್ನಡಿ ಮೇಜಿನ ಮುಂದೆ ಕೂತಿದ್ದ ಯಜಮಾನಿ ಬೆಚ್ಚಿಬಿದ್ದಳು. ಭುಜ ಎಗರಿತು, ಕೈ ಎದೆಗೆ ಹೋಯಿತು, "ಅಯ್ಯೋ!" ಎಂದು ಬಾಯಿ ತೆರೆಯಿತು. ಹಣೆ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ, ಇಸ್ತ್ರಿ ಮಾಡಿಟ್ಟ ದಿಂಬಿನ ಚೀಲದ ಹಾಗೆ ಸಪಾಟಾಗಿತ್ತು. ಒಂದು ಗೆರೆ ಏಳಲಿಲ್ಲ. ಹುಬ್ಬು ಇದ್ದಲ್ಲಿಂದ ಎಳ್ಳಷ್ಟೂ ಮೇಲೇರಲಿಲ್ಲ.

ಮೇಡಂಗೆ ಬೇಕಾಗಿದ್ದದ್ದು ಅಷ್ಟೇ.

"ಕ್ಷಮಿಸಿ, ಕೈ ಜಾರಿತು."

"ಪರವಾಗಿಲ್ಲ ಬಿಡಿ. ಕಾಲಿಗೆ ಚೂರು ಚುಚ್ಚೀತು, ಈ ಕಡೆ ಬಂದು ಕೂತ್ಕೊಳ್ಳಿ."

ಈಕೆಯ ಗಂಡ, ಮುಖದ ಗೆರೆಗೆ ಹಚ್ಚುವ ಸೀರಮ್ ಮಾರುತ್ತಿದ್ದ ಸೀರಮ್ ಸಾಹುಕಾರರು, ತಮ್ಮದೇ ವರ್ಕ್‌ಶಾಪಿನ ಹಿಂದಿನ ಮೆಟ್ಟಿಲಿನಿಂದ ಉರುಳಿ ಸತ್ತು ವಾರವಾಗಿತ್ತು; ಅವರನ್ನು ತಳ್ಳಿದಳೆಂದು ಅಲ್ಲಿಯ ಕೆಮಿಸ್ಟ್ ಹುಡುಗಿ ಲಾಕಪ್ಪಿನಲ್ಲಿದ್ದಳು. ನಾಳೆ ಬೆಳಿಗ್ಗೆ ಪೊಲೀಸ್ ಕಸ್ಟಡಿ ಮುಗಿದು ಅವಳನ್ನು ಮತ್ತೆ ಕೋರ್ಟಿಗೆ ಒಪ್ಪಿಸಿದರೆ ಅಲ್ಲಿಂದ ನೇರ ಜೈಲು. ಆಮೇಲೆ ತಪ್ಪು ಗೊತ್ತಾದರೂ ಹೊರಗೆ ತರುವುದು ಹಾವಿನ ಬಾಯಿಂದ ಕಪ್ಪೆ ಬಿಡಿಸಿದಷ್ಟೇ ಸಲೀಸು.

ಹುಡುಗಿಯ ವಿರುದ್ಧ ಇದ್ದದ್ದು ಎರಡು ಸಾಕ್ಷಿ. ಅವತ್ತು ಬೆಳಿಗ್ಗೆ ಇಡೀ ವರ್ಕ್‌ಶಾಪು ಕೇಳುವ ಹಾಗೆ ಅವಳು ಸಾಹುಕಾರರ ಜೊತೆ ಜಗಳವಾಡಿದ್ದಳು. ಮತ್ತೆ, ಅವಳ ಬೆರಳೆಲ್ಲ ನೀಲಿಯಾಗಿತ್ತು. ಹೆಣದ ಬಿಳಿ ಕೋಟಿನ ಕಾಲರಿನ ಮೇಲೂ ಅದೇ ನೀಲಿ. ತಾಮ್ರ ಬೆರೆಸಿದ ನೀಲಿ ಸೀರಮ್ಮು ಅದು. "ಬಿದ್ದವರನ್ನ ಎತ್ತೋಕೆ ಹೋದೆ, ಅಷ್ಟೇ" ಎಂದು ಹುಡುಗಿ ಅತ್ತದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮೇಡಂ ಖುರ್ಚಿ ಎಳೆದುಕೊಂಡು ಕೂತರು.

"ಜಾಹೀರಾತಲ್ಲಿ ಇರೋದು ನಿಮ್ಮ ಮುಖಾನೇ ಅಲ್ವಾ?"

"ಹೌದು. ಎಡಕ್ಕೆ ಹಚ್ಚೋ ಮುಂಚೆ, ಬಲಕ್ಕೆ ಹಚ್ಚಿದ ಮೇಲೆ."

"ಬರೀ ಸೀರಮ್ಮು ಹಚ್ಚಿ ಹಣೆ ಹೀಗಾಯ್ತಾ?"

"ಬಾಟಲಿ ಮೇಲೆ ಬರೆದಿದೆಯಲ್ಲ. ಬೆಳಿಗ್ಗೆ, ರಾತ್ರಿ, ಎರಡೆರಡು ಹನಿ." ಯಜಮಾನಿ ಈ ಮಾತನ್ನು ಎಷ್ಟು ಸಲ ಹೇಳಿದ್ದಳೆಂದರೆ, ಈಗ ಅದು ಬಾಯಿಪಾಠ ಒಪ್ಪಿಸಿದಂತೆ ಬಂತು.

"ನಾನೂ ಹಚ್ತೀನಿ," ಎಂದರು ಮೇಡಂ.

ಸುಳ್ಳಲ್ಲ. ಇನ್ಸ್‌ಪೆಕ್ಟರ್‌ಗೆ ಗಂಟು ಮೇಡಂ ಎಂಬ ಅಡ್ಡಹೆಸರು ಬಂದದ್ದೇ ಎರಡು ಹುಬ್ಬುಗಳ ನಡುವಿನ ಗಂಟಿನಿಂದ. ಸರ್ವೀಸಿಗೆ ಸೇರಿದ ದಿನದಿಂದ ಕಳ್ಳರ ಮುಂದೆ ಹುಬ್ಬು ಗಂಟಿಕ್ಕಿ ಗಂಟಿಕ್ಕಿ ಅದು ಅಲ್ಲೇ ಮನೆ ಮಾಡಿಕೊಂಡಿತ್ತು. ಆ ಗಂಟು ನೋಡಿಯೇ ಅರ್ಧ ಜನ ತಪ್ಪೊಪ್ಪಿಕೊಳ್ಳುತ್ತಾರೆ, ಉಳಿದರ್ಧಕ್ಕೆ ಮಾತ್ರ ಸಾಕ್ಷಿ ಬೇಕು ಎಂಬುದು ಸ್ಟೇಷನ್ನಿನ ಹಳೆಯ ತಮಾಷೆ. ಕೆಲವು ತಿಂಗಳ ಹಿಂದೆ ತಂಗಿ ಇದೇ ಸೀರಮ್ಮಿನ ಒಂದು ಪುಟ್ಟ ಕಂದು ಬಾಟಲಿ ತಂದು, "ಮನೆಗೂ ಈ ಗಂಟು ಹೊತ್ಕೊಂಡು ಬರ್ತೀಯಲ್ಲ ಅಕ್ಕ, ಇದನ್ನ ಹಚ್ಕೋ" ಅಂದಿದ್ದಳು.

ಮುಖ ತೊಳೆದು, ಒದ್ದೆ ಪೂರ್ತಿ ಆರುವ ಮುಂಚೆ ಎರಡು ಹನಿ. ಉಜ್ಜುವ ಹಾಗಿಲ್ಲ, ಬೆರಳ ತುದಿಯಿಂದ ತಟ್ಟಬೇಕು. ಪೊಲೀಸರಿಗೆ ಶಿಸ್ತು ಕಲಿಸಬೇಕಾಗಿಲ್ಲ, ಮೇಡಂ ಒಂದು ದಿನವೂ ತಪ್ಪಿಸಲಿಲ್ಲ. ಪೆಪ್ಟೈಡ್ ಎಂಬ ಪದಾರ್ಥ ಚರ್ಮದೊಳಕ್ಕೆ ಇಳಿದು, ಹುಬ್ಬಿನ ಸ್ನಾಯುವಿಗೆ "ಅಷ್ಟು ಗಟ್ಟಿಯಾಗಿ ಬಿಗಿಯಬೇಡವೋ" ಎಂದು ಮೆಲ್ಲಗೆ ಬುದ್ಧಿ ಹೇಳುತ್ತದಂತೆ. ತಿಂಗಳೆರಡು ಕಳೆದ ಮೇಲೆ ಗಂಟು ಸಡಿಲಾಯಿತು. ಹೋಗಲಿಲ್ಲ, ಸಡಿಲಾಯಿತು. ಮೊನ್ನೆ ಒಬ್ಬ ಜೇಬುಗಳ್ಳ ಕೈಕೋಳದಲ್ಲೇ, "ಏನ್ ಮೇಡಂ, ಆರಾಮಾ?" ಎಂದು ಕುಶಲ ವಿಚಾರಿಸಿದಾಗ ಸೀರಮ್ಮಿನ ಗುಣವೂ ದೋಷವೂ ಅವರಿಗೆ ಒಟ್ಟಿಗೇ ಅರ್ಥವಾಗಿತ್ತು.

ತಂಗಿ ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರು. ದಿನವಿಡೀ ಕೈಯಿಂದ, ಮುಖದಿಂದ ಮಾತಾಡುವ ಕೆಲಸ. ಇವತ್ತು ಬೆಳಿಗ್ಗೆಯೂ ಅಕ್ಕನ ಬೆನ್ನ ಹಿಂದೆ ನಿಂತು ಹಣೆಗೆ ಹನಿ ತಟ್ಟುತ್ತಾ, "ಯಾಕೋ ಮಕ್ಕಳು ಮುನಿಸ್ಕೊಂಡಿವೆ ಅಕ್ಕ, ಸರಿಯಾಗಿ ಉತ್ತರಾನೇ ಕೊಡ್ತಿಲ್ಲ" ಎಂದು ದೂರಿದ್ದಳು. ಮೇಡಂ ಹೂಂಗುಟ್ಟಿ ಟೋಪಿ ಎತ್ತಿಕೊಂಡು ಹೊರಟಿದ್ದರು.

"ನಾನೂ ಹಚ್ತೀನಿ," ಎಂದು ಮತ್ತೊಮ್ಮೆ ಹೇಳಿದರು ಈಗ. "ಗೆರೆ ಮೆತ್ತಗಾಗುತ್ತೆ, ಒಪ್ಪಿದೆ. ಆದ್ರೆ ಕೋಪ ಬಂದ್ರೆ ನನ್ನ ಹುಬ್ಬು ಈಗಲೂ ಕೂಡುತ್ತೆ. ಬೆಚ್ಚಿದ್ರೆ ಈಗಲೂ ಏರುತ್ತೆ. ನಿಮ್ಮದು ಕಪ್ಪು ಒಡೆದ್ರೂ ಏರಲಿಲ್ಲ. ಇದು ಹಚ್ಚಿದ್ದಲ್ಲ ಯಜಮಾನಿಯವ್ರೇ, ಸ್ನಾಯು ಮರಗಟ್ಟಿಸೋ ಔಷಧಿ ಚುಚ್ಚಿದ್ದು."

ಕನ್ನಡಿಯ ಸುತ್ತ ಉರಿಯುತ್ತಿದ್ದ ಪುಟ್ಟ ಪುಟ್ಟ ಬಲ್ಬುಗಳ ಕೆಳಗೆ ಬಾಟಲಿಗಳ ಸಾಲು. ಯಜಮಾನಿ ಅದರಲ್ಲೊಂದನ್ನು ತೆಗೆದು ಅಂಗೈಯಲ್ಲಿ ಹೊರಳಿಸಿದಳು.

"ಕಪ್ಪು ಬೇಕಂತಲೇ ಬಿಟ್ರಿ."

"ಹೌದು."

"ಒಳ್ಳೇ ಸೆಟ್ಟು ಅದು."

"ಗೊತ್ತಾಯ್ತು. ಮೊದಲು ಅಗ್ಗದ್ದು ಏನಾದ್ರೂ ಇದೆಯಾ ಅಂತ ಸುತ್ತ ನೋಡಿದೆ, ಇರಲಿಲ್ಲ."

ಯಜಮಾನಿ ನಕ್ಕಳು. ತುಟಿ ನಕ್ಕಿತು, ಕೆನ್ನೆ ನಕ್ಕಿತು, ಹಣೆ ಮೇಲಿಂದ ನೋಡುತ್ತಾ ಕೂತಿತ್ತು.

"ಸರಿ. ಚುಚ್ಚಿದ್ದೇ," ಎಂದಳು. "ಆ ಹುಡುಗಿ ಜಗಳ ಆಡಿದ್ದು ಅದಕ್ಕೇ. 'ಸಾರ್, ಈ ಸೀರಮ್ ಒಳ್ಳೇದೇ, ನಾನೇ ಮಾಡಿದ್ದು. ಆದ್ರೆ ಇದು ಗೆರೆ ಮೆತ್ತಗೆ ಮಾಡುತ್ತೆ, ಅಳಿಸಲ್ಲ. ನಿಮ್ಮನೆಯವ್ರ ಫೋಟೊ ಹಾಕಿ ಜನಕ್ಕೆ ಸುಳ್ಳು ಹೇಳ್ಬೇಡಿ' ಅಂದ್ಲು. ಇವರು ರೇಗಿ ಕೆಲಸ ಬಿಟ್ಟು ಹೋಗು ಅಂದ್ರು."

"ಈ ಮಾತು ವಾರದ ಹಿಂದೆ ಹೇಳಿದ್ರೆ ಆ ಹುಡುಗಿಗೆ ಇಷ್ಟು ಕಷ್ಟ ಇರ್ತಿರಲಿಲ್ಲ."

"ಹೇಳಿದ್ರೆ ನನ್ನ ಮುಖಕ್ಕೆ ಏನು ಬೆಲೆ ಉಳೀತಿತ್ತು?"

ಮೇಡಂ ಜೇಬಿನಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಇವತ್ತು ಬೆಳಿಗ್ಗೆ ಲ್ಯಾಬಿನಿಂದ ಬಂದದ್ದು: ಸಾಹುಕಾರರ ಕೋಟಿನ ಕಾಲರು, ದೊಡ್ಡದು ಮಾಡಿ ತೆಗೆದದ್ದು.

ಬರಿಗಣ್ಣಿಗೆ ಅದು ಬೆರಳು ಒರೆಸಿದ ನೀಲಿ ಕಲೆ. ದೊಡ್ಡದು ಮಾಡಿದಾಗ ಬೇರೆಯೇ ಆಗಿತ್ತು. ಬೆರಳಿನ ಗುರುತಿಲ್ಲ, ಅಂಗೈಯಷ್ಟು ಅಗಲದ ಪಟ್ಟಿ. ಅದರೊಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳು, ಸಮ ಅಂತರದಲ್ಲಿ, ಕಮಾನಿನ ಹಾಗೆ ಬಾಗಿ ನಿಂತಿದ್ದವು. ರಕ್ತ. ಸಾಹುಕಾರರದ್ದಲ್ಲ, ಹುಡುಗಿಯದ್ದೂ ಅಲ್ಲ ಎಂದು ಲ್ಯಾಬಿನವರು ಹೇಳಿದ್ದರು. ಯಾರದ್ದೆಂದು ಹೇಳುವುದು ಅವರ ಕೈಲಾಗಿರಲಿಲ್ಲ.

"ಇದೇನು ಅಂತ ನಂಗೆ ಅರ್ಥ ಆಗಿಲ್ಲ. ನಿಮಗೆ ಆಗಬಹುದು ಅಂತ ಬಂದೆ," ಎಂದರು ಮೇಡಂ.

ಯಜಮಾನಿ ಫೋಟೊ ಎತ್ತಿಕೊಂಡಳು. ಬೆಳಕಿಗೆ ಹಿಡಿದಳು. ಅವಳ ಮುಖದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ, ಆದರೆ ಅವಳ ಬೆರಳು ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಮತ್ತೆ ಮೊದಲಿನಿಂದ ಎಣಿಸತೊಡಗಿತು. ಮೇಡಂ ಅದನ್ನೇ ನೋಡುತ್ತಾ ಕೂತರು. ಮುಖ ಬಾಯಿ ಮುಚ್ಚಿಕೊಂಡರೆ ಕೈ ಹೇಳುತ್ತದೆ. ಇದು ಹಳೆಯ ಪಾಠ.

"ಹಣೆ," ಎಂದಳು ಯಜಮಾನಿ ಕೊನೆಗೆ.

"ಏನು?"

"ಇದು ಹಣೆ. ಈ ಚುಕ್ಕಿ ಇದೆಯಲ್ಲ, ಸೂಜಿ ಚುಚ್ಚಿದ ಜಾಗ. ಹುಬ್ಬಿನ ಮೇಲೆ ಹೀಗೇ ಸಾಲಾಗಿ ಚುಚ್ಚೋದು. ಆಮೇಲೆ ಮೇಲಿಂದ ನೀಲಿ ಸೀರಮ್ ಹಚ್ಚೋದು. ಬೇರೆ ಯಾವ ಡಾಕ್ಟರೂ ಹಚ್ಚಲ್ಲ. ಅದು ಇವರ ಪದ್ಧತಿ."

"ಇವರ ಅಂದ್ರೆ?"

"ನಮ್ಮನೆಯವರದ್ದು. ಸೀರಮ್ ಕಂಪನಿ ಶುರು ಮಾಡೋ ಮುಂಚೆ ಅವರು ಚರ್ಮದ ಡಾಕ್ಟರು, ನಿಮಗೆ ಗೊತ್ತಿಲ್ವಾ? ನಂಗೆ ಚುಚ್ತಿದ್ದದ್ದು ಅವರೇ. ವರ್ಕ್‌ಶಾಪಿನ ಮೇಲಿನ ಕೋಣೇಲಿ."

ಸೂಜಿ ಹಿಡಿದವನೇ ಸತ್ತಿದ್ದಾನೆ. ಚುಚ್ಚಿಸಿಕೊಂಡವಳ ಹೆಸರು ಅವನ ಜೊತೆಗೇ ಹೋಗಿದೆ.

"ಅವತ್ತು ನಿಮಗೆ ಚುಚ್ಚಿದ್ರಾ?"

"ಅವತ್ತು ನಾನು ಫೋಟೊ ತೆಗೆಸ್ಕೊಳ್ತಿದ್ದೆ. ಬೆಳಗಿಂದ ಸಂಜೆ ತನಕ ಲೈಟಿನ ಕೆಳಗೆ. ಹತ್ತು ಜನ ನೋಡಿದ್ದಾರೆ. ಅದನ್ನ ನೀವೇ ವಿಚಾರಿಸಿದ್ದೀರಿ." ಯಜಮಾನಿ ಫೋಟೊ ಕೆಳಗಿಟ್ಟಳು. "ಅಲ್ಲದೆ ಇವಳು ಹೊಸಬಳು. ಮೊದಲನೇ ಸಲ ಚುಚ್ಚಿಸ್ಕೊಂಡಿದ್ದಾಳೆ."

"ಹೇಗೆ ಹೇಳ್ತೀರಿ?"

"ಚುಚ್ಚಿದ ದಿನ ಹಣೆ ಒತ್ತಬಾರದು, ಉಜ್ಜಬಾರದು. ನಾನು ಅವತ್ತು ಬಗ್ಗಿ ಚಪ್ಪಲಿ ಕೂಡ ಹಾಕ್ಕೊಳಲ್ಲ. ಇವಳು ನೋಡಿ, ಎದ್ದವಳೇ ಹೋಗಿ ಅವರ ಭುಜಕ್ಕೆ ಹಣೆ ಒತ್ತಿ ನಿಂತಿದ್ದಾಳೆ." ಒಂದು ಕಡೆ ಹೆಚ್ಚು ಒತ್ತಿ ಕಲಸಿಹೋಗಿದ್ದ ನೀಲಿಯ ಮೇಲೆ ಅವಳು ಉಗುರಿಟ್ಟಳು. "ಒತ್ತಿದ ಕಡೆ ಔಷಧಿ ಕೆಳಗೆ ಜಾರುತ್ತೆ. ಆ ಬದಿ ಹುಬ್ಬು ಬಿದ್ದುಹೋಗುತ್ತೆ. ಇನ್ನು ಕೆಲವು ತಿಂಗಳು ಅವಳು ಅದನ್ನ ಮುಚ್ಚಿಟ್ಕೊಂಡೇ ಓಡಾಡಬೇಕು."

"ಔಷಧಿ ಹಿಡಿಯೋಕೆ ಎಷ್ಟು ದಿನ ಬೇಕು?"

"ಚುಚ್ಚಿದ ದಿನ ಏನೂ ಆಗಲ್ಲ. ಮೂರ್ನಾಲ್ಕು ದಿನಕ್ಕೆ ಶುರುವಾಗುತ್ತೆ. ವಾರಕ್ಕೆ ಗಟ್ಟಿ."

ವಾರವಾಗಿತ್ತು.

ಮೇಡಂ ಎದ್ದರು. ಬಾಗಿಲ ಬಳಿ ಹೋದಾಗ ಹಿಂದಿನಿಂದ ಯಜಮಾನಿಯ ದನಿ ಬಂತು. ತಿರುಗಿ ನೋಡಿದರೆ ಅವಳ ಎರಡೂ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಕಲ್ಲಿನ ಮೇಲೆ ಮಳೆ ಸುರಿದ ಹಾಗೆ.

"ಸೂಜಿ ಹಿಡಿದಾಗ ಮಾತ್ರ ಅವರು ನನ್ನ ಮುಖಾನ ಸರಿಯಾಗಿ ನೋಡ್ತಿದ್ರು ಮೇಡಂ. ಉಳಿದ ಹೊತ್ತು ಫೋಟೊ ನೋಡ್ತಿದ್ರು. ಅದೊಂದು ನಂಗೊಬ್ಬಳಿಗೇ ಅಂದ್ಕೊಂಡಿದ್ದೆ." ಅಂಗೈಯಲ್ಲಿದ್ದ ಕಂದು ಬಾಟಲಿಯನ್ನು ಅವಳು ಎತ್ತಿ ತೋರಿಸಿದಳು. "ಇದಕ್ಕೆ ಲೇಬಲ್ ಇಲ್ಲ ನೋಡಿ. ಅಂಗಡಿಗೆ ಹೋಗೋದಕ್ಕೆ ಲೇಬಲ್ಲು. ತಮ್ಮವರಿಗೆ ಅಂತ ಅವರು ಕೈಯಾರೆ ತುಂಬಿಸಿ ಕೊಡೋರು. ಇದೂ ಎಷ್ಟು ಮನೇಲಿದೆಯೋ ಏನೋ."

ಮೇಡಂಗೆ ಅವಳ ಮೇಲೆ ಕನಿಕರವಾಯಿತು. ಕನಿಕರಕ್ಕೆ ಹೊತ್ತಿರಲಿಲ್ಲ.

*

ಮೇಲಿನ ಕೋಣೆಗೆ ಹೋಗುವ ಹಿಂದಿನ ಮೆಟ್ಟಿಲು ವರ್ಕ್‌ಶಾಪಿನ ಪ್ಯಾಕಿಂಗ್ ಹಾಲಿನ ಪಕ್ಕದಲ್ಲೇ ಇತ್ತು. ಹಾಲಿನಲ್ಲಿ ಹೆಂಗಸರು ಉದ್ದ ಮೇಜಿನ ಎರಡೂ ಬದಿ ಕೂತು ಬಾಟಲಿಗಳಿಗೆ ಮುಚ್ಚಳ ತಿರುಗಿಸುತ್ತಿದ್ದರು. ಯಾರಿಗೂ ಕಾಣದೆ ಮೇಲೆ ಹೋಗುವುದಾದರೆ ಅದು ಇವರಲ್ಲೊಬ್ಬರಿಗೆ ಸುಲಭ. ಆದ್ದರಿಂದ ಮೊದಲ ಪರೀಕ್ಷೆ ಇಲ್ಲೇ ಎಂದು ಮೇಡಂ ತೀರ್ಮಾನಿಸಿದರು.

"ಎಲ್ಲರೂ ಒಟ್ಟಿಗೆ ಬೆಚ್ಚಬೇಕು. ಏನಾದ್ರೂ ಮಾಡು," ಎಂದರು ಹೆಡ್ ಕಾನ್‌ಸ್ಟೇಬಲ್ ರೇಡಿಯೋಗೆ. ಒಮ್ಮೆ ಹಚ್ಚಿದರೆ ನಿಲ್ಲುವುದಿಲ್ಲವಾದ್ದರಿಂದ ಅವನಿಗೆ ಆ ಹೆಸರು.

"ಮೇಡಂ, ನಮ್ಮ ಮದುವೇಲಿ ನಮ್ಮತ್ತೆ ಬೆಚ್ಚಿದ ಹಾಗೆ ಬೆಚ್ಚಿಸ್ಲಾ? ಅವತ್ತು ಏನಾಯ್ತು ಅಂದ್ರೆ..."

"ಕಥೆ ಬೇಡ. ಕೆಲಸ."

ರೇಡಿಯೋ ಹಾಲಿನ ನಡುವೆ ಹೋಗಿ ನಿಂತು, ಮೇಲೆ ನೋಡಿ, ಎದೆ ಬಿರಿಯುವಂತೆ ಕೂಗಿದ: "ಹಲ್ಲಿ! ಅಕ್ಕಾ, ತಲೆ ಮೇಲೆ ಹಲ್ಲಿ!"

ಹಾಲು ಹಾಲೇ ಎದ್ದು ನಿಂತಿತು. ಮುಚ್ಚಳಗಳು ಚೆಲ್ಲಾಪಿಲ್ಲಿಯಾದವು. ಮೇಡಂ ಬಾಗಿಲ ಬಳಿ ನಿಂತು ಒಂದೊಂದೇ ಹಣೆಯ ಮೇಲೆ ಕಣ್ಣು ಹಾಯಿಸಿದರು. ಎಲ್ಲ ಹುಬ್ಬೂ ಮೇಲೆ. ಎಲ್ಲ ಹಣೆಯಲ್ಲೂ ನೇಗಿಲು ಹೊಡೆದ ಹಾಗೆ ಗೆರೆ.

ಒಬ್ಬರು ಮಾತ್ರ ಕೂತಲ್ಲಿಂದ ಏಳಲಿಲ್ಲ. ಮೇಲ್ವಿಚಾರಕಿ, ದಪ್ಪ ಕನ್ನಡಕದ ಹೆಂಗಸು. ಹಣೆ ನಿಶ್ಚಲ. ಮೇಡಂ ಹತ್ತಿರ ಹೋದರು.

"ನಿಮಗೆ ಹಲ್ಲಿ ಹೆದರಿಕೆ ಇಲ್ವಾ?"

"ನಂಗೆ ಐದು ಗಂಡುಮಕ್ಕಳು ಮೇಡಂ," ಎಂದಳು ಆಕೆ. ಆಮೇಲೆ ರೇಡಿಯೋ ಕಡೆ ತಿರುಗಿ, ಹಣೆಯನ್ನೆಲ್ಲ ಒಟ್ಟುಗೂಡಿಸಿ ಎಂಥ ಗಂಟು ಹಾಕಿದಳೆಂದರೆ, ಮೇಡಂಗೇ ಅಸೂಯೆಯಾಯಿತು. "ಚೆಲ್ಲಿದ ಮುಚ್ಚಳ ಯಾರಪ್ಪ ಆರಿಸ್ತಾರೆ? ನಿಮ್ಮಪ್ಪನಾ?"

ರೇಡಿಯೋ ಮಂಡಿಯೂರಿ ಮುಚ್ಚಳ ಆರಿಸತೊಡಗಿದ.

*

ಸ್ಟೇಷನ್ನಿನ ವರಾಂಡದಲ್ಲಿ ಕೆಮಿಸ್ಟ್ ಹುಡುಗಿಯ ತಾಯಿ ಬೆಂಚಿನ ಮೇಲೆ ಕೂತಿದ್ದರು. ವಾರದಿಂದ ಅದೇ ಬೆಂಚು. ತೊಡೆಯ ಮೇಲೆ ಮಗಳ ಬಟ್ಟೆಯ ಚೀಲ. ಮೇಡಂ ಕಂಡೊಡನೆ ಎದ್ದರು.

"ನಾಳೆ ಕೋರ್ಟಿಗೆ ಅಂದ್ರು. ಯಾವ ಬಟ್ಟೆ ಹಾಕಿಸ್ಲಿ?"

ಇಂಥ ಪ್ರಶ್ನೆಗೆ ಪೊಲೀಸ್ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರುವುದಿಲ್ಲ. ಮೇಡಂ ಆಡಬಾರದ ಮಾತು ಆಡಿಬಿಟ್ಟರು.

"ನಿಮ್ಮ ಮಗಳು ತಳ್ಳಿಲ್ಲ. ಅಲ್ಲಿ ಇನ್ನೊಬ್ಬ ಹೆಂಗಸು ಇದ್ಲು. ಅವಳ ಹುಬ್ಬು ಏರಲ್ಲ, ಒಂದು ಕಡೆ ಕೆಳಗೆ ಬಿದ್ದಿರುತ್ತೆ. ಅವಳು ಯಾರೇ ಆಗಿರ್ಲಿ, ಕರ್ಕೊಂಡು ಬಂದು ನಿಮ್ಮ ಮುಂದೇನೇ ನಿಲ್ಲಿಸ್ತೀನಿ."

ತಾಯಿ ಅವರ ಕೈ ಹಿಡಿದುಕೊಂಡರು. "ಮಾತು ಕೊಟ್ರಲ್ಲ ತಾಯಿ. ನಾನು ಇಲ್ಲೇ ಕೂತಿರ್ತೀನಿ," ಎಂದರು.

ಒಳಗೆ ಮೇಲಧಿಕಾರಿ ಸಾಹೇಬರು ಕಾಯುತ್ತಿದ್ದರು. ಸತ್ತ ಸಾಹುಕಾರರಿಗೂ ಅವರಿಗೂ ಹಳೆಯ ಸ್ನೇಹ. ಅವತ್ತು ಸುದ್ದಿ ಸ್ಟೇಷನ್ನಿಗೆ ಮುಟ್ಟುವ ಮುಂಚೆಯೇ ಅವರು ಮೆಟ್ಟಿಲ ಬುಡದಲ್ಲಿದ್ದರು. ಅಧಿಕಾರಿ ಅಂದರೆ ಹೀಗಿರಬೇಕು ಎಂದು ಪತ್ರಿಕೆಗಳು ಹೊಗಳಿದ್ದವು.

"ಚುಕ್ಕಿ ಗಿಕ್ಕಿ ಅಂತ ಎಳೀಬೇಡಿ," ಎಂದರು ಫೋಟೊವನ್ನು ಸರಿಯಾಗಿ ನೋಡದೆ. "ಇನ್ನೊಬ್ಬಳು ಇದ್ರೆ ಬೆಳಿಗ್ಗೆಯೊಳಗೆ ತನ್ನಿ. ಇಲ್ಲ ಅಂದ್ರೆ ಹುಡುಗಿ ಕೋರ್ಟಿಗೆ ಹೋಗ್ಲಿ. ನಿಮ್ಮ ಮುಖದಲ್ಲಿ ಮೊದಲಿನ ಖದರೇ ಇಲ್ಲ ಬಿಡಿ. ಮನೆಗೆ ಹೋಗಿ ಸ್ವಲ್ಪ ಸುಧಾರಿಸ್ಕೊಳ್ಳಿ."

*

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ತಂಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಹೊಸದಾಗಿ ಕತ್ತರಿಸಿಕೊಂಡ ಮುಂಗೂದಲು ಹಣೆ ತುಂಬ ಇಳಿಬಿದ್ದಿತ್ತು. ಎರಡು ಮೂರು ದಿನದ ಹಿಂದೆ ಅದನ್ನು ಕಂಡು ಮೇಡಂ, "ಈ ವಯಸ್ಸಲ್ಲಿ ಇದೇನೇ ಪುಟ್ಟಿ, ಕುದುರೆಮರಿ ಥರ" ಎಂದು ನಕ್ಕು ಸುಮ್ಮನಾಗಿದ್ದರು.

"ಯಾಕಕ್ಕ, ಸಪ್ಪಗಿದ್ದೀಯ?"

"ಏನಿಲ್ಲ." ಮೇಡಂ ಎದುರು ಕೂತು ಒಂದು ಕಾಯಿ ಎತ್ತಿಕೊಂಡರು. "ನಿನ್ನ ಮಕ್ಕಳ ಮುನಿಸು ಹೋಯ್ತಾ?"

"ಎಲ್ಲಿ! ಇವತ್ತು ಒಬ್ಳು ಹತ್ರ ಬಂದು, 'ಟೀಚರ್, ನಮ್ಮೇಲೆ ಕೋಪಾನಾ' ಅಂತ ಕೈಯಲ್ಲಿ ಕೇಳಿದ್ಲು. ನಗ್ತಾ ಇದೀನಲ್ಲೇ ಅಂದೆ. ಅದಕ್ಕವಳು, 'ನೀವು ಬಾಯಲ್ಲಿ ಮಾತ್ರ ನಗ್ತೀರಿ, ಮೇಲೆ ನಗಲ್ಲ' ಅನ್ನೋದಾ!"

ಮೇಡಂ ಕೈಯಲ್ಲಿದ್ದ ಕಾಯಿ ಅರ್ಧಕ್ಕೇ ನಿಂತಿತು.

ಚಿಕ್ಕಂದಿನಲ್ಲಿ ಪುಟ್ಟಿಗೆ ಏನು ಹೇಳಿದರೂ ಹುಬ್ಬು ಕೂದಲ ಬುಡಕ್ಕೆ ಹೋಗುತ್ತಿತ್ತು. "ಕಟ್ಟಿಹಾಕ್ರೋ, ಹಾರಿಹೋದಾವು" ಎಂದು ಅಪ್ಪ ರೇಗಿಸುತ್ತಿದ್ದರು. ಆ ಹುಬ್ಬಿನ ಪುಣ್ಯದಿಂದಲೇ ಕಿವುಡ ಮಕ್ಕಳು ಅವಳಿಗೆ ಅಂಟಿಕೊಂಡದ್ದು. ಅವರಿಗಾಗಿ ಹುಬ್ಬು ಕುಣಿಸಿ ಕುಣಿಸಿ ಅವಳ ಹಣೆಯ ತುಂಬ ಗೆರೆ ಬಿದ್ದಿದ್ದವು. "ನನ್ನ ಹಣೆ ಬರೆ ಎಳೆದ ಕಾಗದ ಆಗಿದೆ ಅಕ್ಕ" ಎಂದು ಕನ್ನಡಿ ಮುಂದೆ ಗೊಣಗುತ್ತಿದ್ದಳು. ಈಚೆಗೆ ಗೊಣಗುವುದು ನಿಂತಿತ್ತು. ಯಾವಾಗ ನಿಂತಿತು ಎಂದು ಮೇಡಂ ಕೇಳಿರಲಿಲ್ಲ. ಊರವರ ಹಣೆಯನ್ನೆಲ್ಲ ಓದುವವರು ಮನೆಯೊಳಗಿನ ಹಣೆ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಬಚ್ಚಲುಮನೆಯ ಗೂಡಿನಲ್ಲಿ ಒಂದು ಪುಟ್ಟ ಕಂದು ಬಾಟಲಿ ಇದೆ. "ಎಲ್ಲಿ ತಂದೆ?" ಎಂದಾಗ "ಫ್ರೆಂಡ್ ಕೊಟ್ರು" ಅಂದಿದ್ದಳು. ಅದಕ್ಕೆ ಲೇಬಲ್ ಇಲ್ಲ.

ಈಗ ಸುಮ್ಮನೆ ಎದ್ದು ಹೋಗಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಬೆಳಗಾದರೆ ಹುಡುಗಿ ಕೋರ್ಟಿಗೆ ಹೋಗುತ್ತಾಳೆ, ಕೇಸು ಮುಗಿಯುತ್ತದೆ, ತಂಗಿ ಬಟಾಣಿ ಬಿಡಿಸುತ್ತಾ ಇಲ್ಲೇ ಕೂತಿರುತ್ತಾಳೆ. ಮೇಡಂಗೆ ಆ ಆಸೆಯಾಯಿತು, ನಿಜವಾಗಿಯೂ ಆಯಿತು. ಆದರೆ ಅಲ್ಲಿ ಬೆಂಚಿನ ಮೇಲೆ ಒಬ್ಬರು ಬಟ್ಟೆಯ ಚೀಲ ಹಿಡಿದು ಕೂತಿದ್ದರು.

"ಪುಟ್ಟಿ," ಎಂದರು. "ಆ ಕೆಮಿಸ್ಟ್ ಹುಡುಗಿ ತಳ್ಳಿಲ್ಲ. ಸೀರಮ್ ಸಾಹುಕಾರರ ಕಾಲರಿನ ಮೇಲೆ ಬೇರೆ ಯಾರದ್ದೋ ಹಣೆಯ ಅಚ್ಚು ಸಿಕ್ಕಿದೆ."

ತಂಗಿಯ ಕೈಯಿಂದ ಬಟ್ಟಲು ಜಾರಿತು. ಇದನ್ನು ಯಾರೂ ಬೇಕೆಂದು ಬಿಟ್ಟದ್ದಲ್ಲ. ಹಸಿರು ಕಾಳು ಮೇಜಿನ ತುಂಬ ಉರುಳಿ ನೆಲಕ್ಕೆ ಬಿದ್ದವು. ಅವಳ ಕಣ್ಣು ಅರಳಿತು, ಬಾಯಿ ತೆರೆಯಿತು.

ಮೇಡಂ ಕೈ ಚಾಚಿ ಅವಳ ಮುಂಗೂದಲನ್ನು ಮೇಲಕ್ಕೆ ಸರಿಸಿದರು.

ಹಣೆ ನುಣ್ಣಗಿತ್ತು. ಒಂದೇ ಒಂದು ಗೆರೆ ಇರಲಿಲ್ಲ. ಅದರ ಕೆಳಗೆ ಎಡಹುಬ್ಬು ತನ್ನ ಜಾಗದಲ್ಲಿತ್ತು. ಬಲಹುಬ್ಬು ಸೋತು ಕಣ್ಣಿನ ಮೇಲೆ ಇಳಿದು ಕೂತಿತ್ತು. ಹುಟ್ಟಿದಂದಿನಿಂದ ನೋಡಿದ ಮುಖದಲ್ಲಿ ಹುಬ್ಬೇ ಅಪರಿಚಿತವಾಗಿತ್ತು.

ಸರ್ವೀಸಿನಲ್ಲಿ ಎಂದೂ ಆಗದಂಥ ಭಯ ಮೇಡಂಗೆ ಆಯಿತು.

ಫೋನು ಹೊಡೆದುಕೊಂಡಿತು; ಎತ್ತಿದರೆ ತಂಗಿಗೂ ಕೇಳುವಷ್ಟು ಜೋರು ದನಿ. ರೇಡಿಯೋ.

"ಮೇಡಂ, ಆ ಅಮ್ಮ ಊಟಾನೂ ಬೇಡ ಅಂತ ಬೆಂಚಿನ ಮೇಲೇ ಕೂತಿದ್ದಾರೆ. ನೀವು ಯಾರನ್ನೋ ಕರ್ಕೊಂಡು ಬರ್ತೀನಿ ಅಂದ್ರಂತೆ. ಏನು ಹೇಳ್ಲಿ?"

ಮೇಡಂ ಫೋನನ್ನು ಕಿವಿಗೆ ಹಿಡಿದೇ ತಂಗಿಯನ್ನು ನೋಡಿದರು. ತಿಂಗಳುಗಟ್ಟಲೆ ಹನಿಹನಿಯಾಗಿ ಸಡಿಲಿಸಿದ್ದ ಗಂಟು ಹುಬ್ಬುಗಳ ನಡುವೆ ಪೂರ್ತಿ ಬಿಗಿದು ಕೂತಿತ್ತು. ತಂಗಿ ಅದನ್ನು ನೋಡಿದಳು. ದಿನವೂ ಮಾಡುವ ಹಾಗೆ ಬೆರಳ ತುದಿಯನ್ನು ಅದರ ಮೇಲಿಟ್ಟು ಮೆಲ್ಲಗೆ ತಟ್ಟಿದಳು.

"ಗಂಟಿಕ್ಕಬೇಡ ಅಕ್ಕ," ಎಂದಳು.

ಆಮೇಲೆ ಅಕ್ಕನ ಕೈಯಿಂದ ಫೋನು ತೆಗೆದುಕೊಂಡಳು. "ನಾನು ಅವರ ತಂಗಿ. ಆ ಅಮ್ಮನಿಗೆ ಊಟ ಮಾಡೋಕೆ ಹೇಳಿ. ನಾವಿಬ್ರೂ ಬರ್ತಿದ್ದೀವಿ."

ಫೋನು ಮೇಜಿನ ಮೇಲಿಟ್ಟು, ಕಾಲ ಬಳಿ ಬಿದ್ದಿದ್ದ ಕಾಳುಗಳನ್ನು ಆರಿಸಲು ಬಗ್ಗಿದಳು. ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದಳು.

"ತಳ್ಳಿದ್ದು ನೀನಾ?" ಎಂದರು ಮೇಡಂ. ಅದು ಇನ್ಸ್‌ಪೆಕ್ಟರ್ ದನಿಯಾಗಿರಲಿಲ್ಲ.

"ಅಲ್ಲ."

"ನನ್ನ ಮುಖ ನೋಡಿ ಹೇಳು."

ತಂಗಿ ತಲೆಯೆತ್ತಿದಳು. ಆ ಮುಖದಲ್ಲಿ ಸತ್ಯವಿದೆಯೋ ಸುಳ್ಳಿದೆಯೋ ಓದುವುದಕ್ಕೆ ಒಂದು ಗೆರೆಯೂ ಉಳಿದಿರಲಿಲ್ಲ.

"ಸ್ಟೇಷನ್ನಿಗೆ ಬರ್ತೀನಿ, ಆ ಅಮ್ಮನ ಮುಂದೆ ನಿಲ್ತೀನಿ. ಆದ್ರೆ ನಿಮ್ಮ ಸಾಹೇಬ್ರು ಇದ್ರೆ ಬಾಯಿ ಬಿಡಲ್ಲ ಅಕ್ಕ," ಎಂದಳು. "ಅವತ್ತು ಸಾಹುಕಾರರನ್ನ ಮೇಲೇ ಬಿಟ್ಟು ನಾನು ಮೆಟ್ಟಿಲು ಇಳಿದು ಹೋಗುವಾಗ ನಿಮ್ಮ ಸಾಹೇಬ್ರು ಹತ್ತಿ ಬರ್ತಿದ್ರು."